ಮೊಂಡ ಬ್ರಿಡ್ಜಿನ ಮೇಲಿನ ಕಣ

ಹೋದ ವಾರ ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ನಮ್ಮ ಮುಂದೆ ಬ್ಯಾಡಗಿ ಪೇಟೆಗೆ ಹೊರಟ ಮೆಣಸಿನಕಾಯಿ ಲಾರಿ. ಬಸ್ಸಿನಲ್ಲಿದ್ದ ಅರ್ಧ ಜನ ಸೀನಿದರು, ಉಳಿದವರು ಸೆರಗನ್ನೋ ಟವೆಲ್ಲನ್ನೋ ಮೂಗಿಗೆ ಒತ್ತಿಕೊಂಡರು. ನನಗೆ ಆ ಘಾಟು ಏನೂ ಮಾಡುವುದಿಲ್ಲ, ಹಸಿವಾಗುತ್ತದೆ ಅಷ್ಟೇ. ನಮ್ಮೂರಿನ ಅಡ್ಡರಸ್ತೆ ಹತ್ತಿರ ಬಂದಾಗ ಕಂಡಕ್ಟರ್ ಕಿಟಕಿಯಿಂದ ಬಗ್ಗಿ ನೋಡಿ, "ಅಂತೂ ನಿಮ್ಮ ಮೊಂಡ ಬ್ರಿಡ್ಜಿಗೆ ಕ್ರೇನ್ ಬಂತ ನೋಡ್ರಿ. ಇನ್ನ ಮುಗಸ್ತಾರಂತ" ಅಂದ. ಇಳಿಯುವವರೆಲ್ಲ ಖುಷಿಪಟ್ಟರು. ಒಬ್ಬ ಅಜ್ಜ ಅಲ್ಲಿಂದಲೇ ಕೈಮುಗಿದ. ನಾನು ಮಾತ್ರ ಸೀಟಿನಿಂದ ಏಳುವುದನ್ನೇ ಮರೆತು ಕುಳಿತಿದ್ದೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಹೊಟ್ಟೆಕಿಚ್ಚಿನ ಹೆಂಗಸು. ಊರವರು ಬೆನ್ನ ಹಿಂದೆ ಹೇಳುವುದನ್ನು ನಾನೇ ಎದುರಿಗೆ ಹೇಳಿದರೆ ಅವರಿಗೂ ಅಷ್ಟು ಶ್ರಮ ಉಳಿಯಿತು. ಬೇರೆಯವರ ಸೀರೆ, ಬಂಗಾರ, ಹೊಸ ಮನೆ ಇವುಗಳ ಮೇಲೆ ನನ್ನ ಕಣ್ಣು ಬಿದ್ದದ್ದೇ ಇಲ್ಲ. ಆದರೆ ನನ್ನ ಎದುರಿಗೆ ಇನ್ನೊಬ್ಬಳನ್ನು ಹೊಗಳಿದರೆ ನನಗೆ ತಡೆಯುವುದಿಲ್ಲ. ಅದರಲ್ಲೂ ಮೆಣಸಿನಕಾಯಿಯ ವಿಷಯದಲ್ಲಿ ಹೊಗಳಿದರೆ ಅನ್ನ ಇಳಿಯುವುದಿಲ್ಲ.

ಹೆದ್ದಾರಿ ಅಗಲ ಮಾಡುವಾಗ ನಕ್ಷೆಯಲ್ಲಿ ನಮ್ಮೂರಿನ ಅಡ್ಡರಸ್ತೆಗೂ ಒಂದು ಮೇಲ್ಸೇತುವೆ ಇತ್ತಂತೆ. ಜೆಸಿಬಿಗಳು ಬಂದವು, ಹುಣಸೆ ಗಿಡಗಳು ಹೋದವು. ಊರ ಕಡೆಯಿಂದ ಮಣ್ಣು ಏರಿಸಿ, ಎರಡೂ ಬದಿಗೆ ಗೋಡೆ ಕಟ್ಟಿ, ಮೇಲೆ ನುಣ್ಣಗೆ ಕಾಂಕ್ರೀಟು ಹಾಸಿದರು. ಹಾಗೆ ಏರುತ್ತ ಏರುತ್ತ ಹೆದ್ದಾರಿಯ ಅಂಚಿನವರೆಗೆ ಬಂದ ದಾರಿ ಅಲ್ಲಿಗೇ ನಿಂತುಬಿಟ್ಟಿತು. ಕೊನೆಯಲ್ಲಿ ಮೊಳದುದ್ದದ ಕಬ್ಬಿಣದ ಸರಳುಗಳು ಮೇಲಕ್ಕೆ ಮುಖ ಮಾಡಿ ನಿಂತಿದ್ದವು, ಆಚೆ ಬದಿಗೆ ಎರಡು ಬೋಳು ಕಂಬ, ನಡುವೆ ಬರೀ ಗಾಳಿ. ಒಂದು ದಿನ ನೋಡಿದರೆ ಕೆಲಸದವರ ತಗಡಿನ ಶೆಡ್ಡು ಖಾಲಿ. ಯಾಕೆ ನಿಂತಿತು ಎಂಬುದಕ್ಕೆ ಊರಲ್ಲಿ ಮನೆಗೊಂದು ಕಥೆ ಇತ್ತು, ಖರೇ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ದನ ಬಿದ್ದಾವೆಂದು ಊರವರೇ ತುದಿಗೆ ಜಾಲಿ ಮುಳ್ಳು ಒಟ್ಟಿದರು. ಕೆಳಗೆ ನಿಲ್ಲಿಸಿದ್ದ ದೊಡ್ಡ ಫಲಕದಲ್ಲಿ ಪೂರ್ತಿಯಾದ ಸೇತುವೆಯ ಬಣ್ಣದ ಚಿತ್ರವಿತ್ತು. ಅದರ ನೆರಳಿನಲ್ಲಿ ಕುಳಿತು ಜನ ಎಲೆ ಅಡಿಕೆ ಹಾಕುತ್ತಿದ್ದರು. ಹೆಣ್ಣುಮಕ್ಕಳು ಸ್ಕೂಟಿ ಕಲಿತದ್ದು ಅದರ ಮೇಲೆ, ಹೊಸ ಜೋಡಿಗಳು ಫೋಟೊ ತೆಗೆಸಿಕೊಂಡದ್ದು ಅದರ ಮೇಲೆ. ಮೂರು ವರ್ಷ ಹೀಗೇ ಹೋಯಿತು.

ಈಗ ಅತ್ತೆಯ ವಿಷಯ. ಮೆಣಸಿನಕಾಯಿ ಎಂದರೆ ಸುತ್ತ ನಾಲ್ಕೂರಿಗೆ ನಮ್ಮ ಅತ್ತೆಯೇ ಪ್ರಮಾಣ. ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸಿ, ಬೀಜದ ಸಪ್ಪಳ ಕೇಳಿ, ಇದಕ್ಕೆ ಇನ್ನೆರಡು ಬಿಸಿಲು ಬೇಕು ಎನ್ನುತ್ತಿದ್ದರು. ಎರಡೇ ಬೇಕಾಗುತ್ತಿತ್ತು. ಕಣದಲ್ಲಿ ಕಾಯಿ ಎಷ್ಟು ದಪ್ಪ ಹರವಬೇಕು, ಯಾವಾಗ ಕೈಯಾಡಿಸಬೇಕು, ಯಾವಾಗ ರಾಶಿ ಮಾಡಿ ಮುಚ್ಚಬೇಕು ಎಲ್ಲ ಅವರ ಮಾತು. ಸಂಜೆ ರಾಶಿ ಮಾಡಿದ ಮೇಲೆ ಸುತ್ತ ಒಲೆಯ ಬೂದಿಯಿಂದ ಗೆರೆ ಎಳೆಯುವುದು ನಮ್ಮ ಮನೆಯ ಪದ್ಧತಿ. ಕಣದ ಒಡತಿಯೇ ಎಳೆಯಬೇಕು, ಬೇರೆಯವರು ಬೂದಿ ಬಟ್ಟಲು ಮುಟ್ಟುವಂತಿಲ್ಲ. ಗೆರೆಯೊಳಗಿನ ರಾಶಿಗೆ ಯಾರ ದೃಷ್ಟಿಯೂ ತಾಗುವುದಿಲ್ಲ ಎಂದು ಅತ್ತೆ ನಂಬಿದ್ದರು.

ನಾನು ಆ ಮನೆಗೆ ಹಿರಿಯ ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾಗಿತ್ತು. ಹದಿನಾಲ್ಕು ವರ್ಷ ಅತ್ತೆಯ ಹಿಂದೆ ಬರಿಗಾಲಲ್ಲಿ ಕಣ ತುಳಿದಿದ್ದೆ. ರಾಮನ ವನವಾಸವೂ ಹದಿನಾಲ್ಕಕ್ಕೆ ಮುಗಿದಿತ್ತು. ಅತ್ತೆಯ ಮೊಣಕಾಲು ಹಿಡಿದುಕೊಂಡು ಎರಡು ವರ್ಷವಾಗಿತ್ತು, "ಈ ಸುಗ್ಗಿ ಮುಗೀಲಿ, ಕಣ ಯಾರ ಕೈಗೆ ಅಂತ ಹೇಳಿಬಿಡ್ತೇನಿ" ಎಂದು ಅವರು ದೀಪಾವಳಿಯಲ್ಲೇ ಅಂದಿದ್ದರು. ಇದರಲ್ಲಿ ಹೇಳುವುದೇನಿದೆ ಎಂದು ನನಗೆ ಆಗಲೇ ಚುಚ್ಚಿತ್ತು. ಇಬ್ಬರಲ್ಲಿ ಆರಿಸುವ ಮಾತು ಎಲ್ಲಿಂದ ಬಂತು?

ಇನ್ನೊಬ್ಬಳು ರೇಣುಕಾ, ಮೈದುನನ ಹೆಂಡತಿ, ನನ್ನ ನೆಗೆಣ್ಣಿ. ಹೊಸರಿತ್ತಿಯ ಹುಡುಗಿ, ಬಂದು ಎರಡೇ ವರ್ಷ. ಅವಳ ರೊಟ್ಟಿ ಎಮ್ಮೆಯ ಕಿವಿಯಷ್ಟು ದಪ್ಪ. ನನ್ನ ತೆಳ್ಳನೆಯ ರೊಟ್ಟಿಯಲ್ಲಿ ಹದಿನಾಲ್ಕು ವರ್ಷ ಹುಳುಕು ಹುಡುಕಿದ ಅತ್ತೆ ಅವಳ ರೊಟ್ಟಿ ಮುರಿದು, "ಮೆತ್ತಗದಾವ" ಅಂದರು. ಅವತ್ತೇ ನನ್ನ ಹೊಟ್ಟೆಯೊಳಗೆ ಮೊದಲ ಕಿಡಿ ಬಿದ್ದದ್ದು. ಅವಳು ಕೆಟ್ಟವಳಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಮಧ್ಯಾಹ್ನ ಕೆಲಸ ಮುಗಿದರೆ ಬಾಚಣಿಗೆ ಹಿಡಿದು ಬಂದು ನನ್ನ ಮುಂದೆ ಬೆನ್ನು ಹಾಕಿ ಕೂರುವಳು. "ಅಕ್ಕಾ, ಬಿಗಿ ಹೆಣಿ, ನೀ ಹೆಣದ್ರ ಸಂಜಿತನಕ ಬಿಚ್ಚಂಗಿಲ್ಲ" ಎನ್ನುವಳು. ಹೊಲದಲ್ಲಿ ಊಟಕ್ಕೆ ಕುಳಿತಾಗ ತನ್ನ ಬುತ್ತಿಯ ಗಂಟು ಬಿಚ್ಚದೆ ನನ್ನ ರೊಟ್ಟಿಯಲ್ಲೇ ಅರ್ಧ ಹರಿದುಕೊಳ್ಳುವಳು. ನನಗೆ ತಂಗಿಯರಿಲ್ಲ. ಅವಳ ತಲೆ ಹೆಣೆಯುವಾಗ ನಾನು ಎಲ್ಲ ಮರೆಯುತ್ತಿದ್ದೆ, ಅತ್ತೆ ಅವಳ ಹೆಸರು ಹಿಡಿದು ಕರೆದ ಕೂಡಲೇ ಎಲ್ಲ ನೆನಪಾಗುತ್ತಿತ್ತು.

ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹಿಡಿಯಿತು. ಸಗಣಿ ಹಾಕಿ ಸಾರಿಸಿಟ್ಟಿದ್ದ ಕಣ ಕೆಸರಿನ ಹೊಂಡವಾಯಿತು. ಎರೆಮಣ್ಣು, ಒಂದು ಹೆಜ್ಜೆ ಇಟ್ಟರೆ ಕಾಲಿಗೆ ಎರಡು ಸೇರು ಮಣ್ಣು ಹತ್ತುತ್ತಿತ್ತು. ಮೊದಲ ಸಲ ಗಿಡದಿಂದ ಹರಿದ ಹಣ್ಣುಗಾಯಿ ಪಡಸಾಲೆಯಲ್ಲಿ ಬೆವರುತ್ತ ಬಿದ್ದಿತ್ತು. ಮಳೆ ನಿಂತು ಬಿಸಿಲು ಬಂದರೂ ಕಣ ಆರಲು ವಾರ ಬೇಕು, ಅಷ್ಟರಲ್ಲಿ ಕಾಯಿ ಕೊಳೆಯುತ್ತದೆ. ಅತ್ತೆ ಒಂದೊಂದೇ ಕಾಯಿ ಎತ್ತಿ ಮೂಸಿ ನೋಡಿ ಕೆಳಗಿಡುತ್ತಿದ್ದರು. ಆಗ ರೇಣುಕಾ ಬಾಗಿಲಲ್ಲಿ ನಿಂತು ಹೇಳಿದಳು:

"ಮೊಂಡ ಬ್ರಿಡ್ಜ್ ಮ್ಯಾಲೆ ಹಾಕಿದ್ರ ಹೆಂಗ? ಇಳಕಲ ಐತಿ, ನೀರ ನಿಲ್ಲಂಗಿಲ್ಲ. ಮಣ್ಣಿಲ್ಲ, ಧೂಳಿಲ್ಲ, ಗಾಳಿನೂ ಚಲೋ ಬೀಸತೈತಿ."

ಅತ್ತೆ ಮೊಣಕಾಲು ಮರೆತು ಎದ್ದು ನಿಂತರು. "ಭೇಷ್! ಹದಿನಾಕ ವರ್ಷದಾಗ ಈ ಮನ್ಯಾಗ ಇಂಥಾ ಮಾತು ಯಾರ ಬಾಯಾಗೂ ಬಂದಿದ್ದಿಲ್ಲ ನೋಡು!"

ಬ್ರಿಡ್ಜು ನಿಂತು ಮೂರೇ ವರ್ಷವಾಗಿತ್ತು, ಹದಿನಾಲ್ಕು ವರ್ಷದ ಲೆಕ್ಕ ಎಲ್ಲಿಂದ ಬಂತು ಎಂದು ಕೇಳುವವರು ಯಾರು? ಆ ಮಾತು ನನಗೇ ಆಡಿದ್ದು. ನಾನು ಬುಟ್ಟಿ ತುಂಬತೊಡಗಿದೆ.

ಮಾರನೆಯ ದಿನ ಟ್ರ್ಯಾಕ್ಟರಿನಲ್ಲಿ ಅಷ್ಟೂ ಕಾಯಿ ಏರಿನ ಮೇಲೆ ಹೋಯಿತು. ಆ ಬೂದು ಕಾಂಕ್ರೀಟಿನ ಮೇಲೆ ಕೆಂಪು ಹರವಿದಾಗ ಹೆದ್ದಾರಿಯಲ್ಲಿ ಹೋಗುವವರು ಗಾಡಿ ನಿಧಾನ ಮಾಡಿ ತಲೆ ಎತ್ತಿ ನೋಡುತ್ತಿದ್ದರು. ಕಾರು ನಿಲ್ಲಿಸಿ ವಿಡಿಯೊ ಮಾಡಿಕೊಂಡವರಿಗೆ ರೇಣುಕಾ ನಗುತ್ತ ಕೈಬೀಸಿದಳು. ಪಕ್ಕದ ಮನೆಯ ಮುಮ್ತಾಜ ಬಂದು ಸೊಂಟಕ್ಕೆ ಕೈಯಿಟ್ಟು ನೋಡಿ, "ನಿಂದು ಒಣಗಲಿ ರೇಣುಕಾ, ಆಮ್ಯಾಲೆ ನಾನೂ ತರ್ತೇನಿ" ಅಂದಳು. ಊರವರದೂ ಅದೇ ಮಾತು. ಎಲ್ಲರೂ ರೇಣುಕಾಳ ಕಾಯಿ ಒಣಗುವುದನ್ನು ಕಾಯುತ್ತಿದ್ದರು. ರೇಣುಕಾಳ ಕಾಯಿಯಂತೆ! ಸಸಿ ಹಚ್ಚಿದವಳು ನಾನು, ಕಳೆ ಕಿತ್ತವಳು ನಾನು.

ಅತ್ತೆಗೆ ಏರು ಹತ್ತಲಾಗುವುದಿಲ್ಲ. ಕೆಳಗೆ ಆ ಚಿತ್ರದ ಫಲಕದ ನೆರಳಿನಲ್ಲಿ ಕುಳಿತು ಕೂಗಿ ಕೂಗಿ ಹೇಳುತ್ತಿದ್ದರು, ನಾವು ಮಾಡುತ್ತಿದ್ದೆವು. ಸಂಜೆ ರಾಶಿ ಮಾಡಿ ಗೋಣಿತಾಟು ಹೊದಿಸಿ ಕೆಳಗೆ ಬಂದೆವು. ಅತ್ತೆ ಸೆರಗಿನ ಮರೆಯಿಂದ ಬೂದಿ ಬಟ್ಟಲು ತೆಗೆದರು. ನಾನು ಕೈ ಒರೆಸಿಕೊಂಡೆ. ನಿಜವಾಗಿಯೂ ಒರೆಸಿಕೊಂಡೆ, ಸೀರೆಗೆ ಎರಡು ಸಲ.

"ನನಗ ಹತ್ತಾಕ ಆಗಂಗಿಲ್ಲ. ತಗೋ ರೇಣುಕಾ, ನೀ ಎಳದ ಬಾ. ನೀ ತೋರಿಸಿದ ಜಾಗಾ ಅದು."

ಬಟ್ಟಲು ನನ್ನ ಮುಂದಿನಿಂದ ಹಾದು ಹೋಯಿತು. ಅವಳು ಒಂದು ಕ್ಷಣ ನನ್ನನ್ನು ನೋಡಿದಳು. "ಅಕ್ಕಾ ಎಳೀಲಿ ತಗೋರಿ" ಅಂದಳು. "ಹೇಳಿದಷ್ಟ ಮಾಡು" ಎಂದರು ಅತ್ತೆ. ಅವಳು ಓಡುತ್ತ ಏರು ಹತ್ತಿ ಹೋದಳು. ಹೊರಗಿನವರ ಕಣ್ಣು ತಾಗಬಾರದೆಂದು ಬೂದಿಯ ಗೆರೆ, ಮನೆಯವಳ ಕಣ್ಣಿಗೆ ಏನು ಎಳೆಯುತ್ತಾರೆ?

ನನ್ನ ತವರು ಮೇಡ್ಲೇರಿ. ನಮ್ಮವ್ವ ಹೊಳೆಯ ದಂಡೆಯ ಹಾಸುಬಂಡೆಯ ಮೇಲೆ ಕಾಯಿ ಒಣಗಿಸುತ್ತಿದ್ದಳು. ಮಣ್ಣಿನ ಕಣ ಮಧ್ಯಾಹ್ನಕ್ಕೂ ತಂಪು ಹಿಡಿದಿರುತ್ತದೆ, ಕಲ್ಲು ಹಾಗಲ್ಲ. ಮೇಲಿನಿಂದ ಬಿಸಿಲು, ಕೆಳಗಿನಿಂದ ಕಾವು, ಎರಡರ ನಡುವೆ ಕಾಯಿ ಬೆಂದು ಬಣ್ಣ ಬಿಟ್ಟು ಬಿಳಿಚಿಕೊಳ್ಳುತ್ತದೆ. ಬಂಡೆಗೆ ಅಂಗೈ ಇಟ್ಟು ಹತ್ತು ಎಣಿಸು, ಕೈ ನಿಲ್ಲದಿದ್ದರೆ ಕಾಯಿಯೂ ನಿಲ್ಲುವುದಿಲ್ಲ ಎಂದು ಅವ್ವ ಹೇಳಿಕೊಟ್ಟಿದ್ದಳು. ಆಗ ಅಡಿಗೆ ಜೋಳದ ದಂಟು ಹಾಸಬೇಕು, ಉರಿಬಿಸಿಲಿನ ಹೊತ್ತಿಗೆ ಮೇಲೆ ತೆಳ್ಳನೆಯ ಹಳೆ ಸೀರೆ ಹೊದಿಸಬೇಕು. ತಲೆತಲಾಂತರದಿಂದ ಮಣ್ಣಿನ ಕಣದಲ್ಲೇ ಒಣಗಿಸಿದ ನಮ್ಮ ಅತ್ತೆಗೆ ಇದು ಗೊತ್ತಿರಲಿಲ್ಲ. ರೇಣುಕಾಳಿಗಂತೂ ಇಲ್ಲವೇ ಇಲ್ಲ. ಆ ಊರಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಎರಡನೆಯ ದಿನ ನಡುಮಧ್ಯಾಹ್ನ ಏರಿನ ತುದಿಯಲ್ಲಿ ಕಾಯಿ ಸರಿಸಿ ಅಂಗೈ ಇಟ್ಟೆ. ನಾಲ್ಕು ಎಣಿಸುವುದರೊಳಗೆ ಕೈ ತೆಗೆದೆ. ಸೀರೆಗೆ ಕೈ ತಿಕ್ಕಿಕೊಂಡು ಎದ್ದೆ. ಆಚೆ ಬದಿಯಲ್ಲಿ ಕೈಯಾಡಿಸುತ್ತಿದ್ದ ರೇಣುಕಾ ತಲೆ ಎತ್ತಿ ನೋಡಿ ನಕ್ಕಳು. ನಾನೂ ನಕ್ಕೆ.

ಹೇಳಲಿಲ್ಲ. ಮನೆಯಲ್ಲಿ ಹಳೆ ಸೀರೆಗೆ ಬರವಿರಲಿಲ್ಲ, ಹಿತ್ತಿಲಲ್ಲಿ ದಂಟಿನ ಬಣವೆಯೇ ಇತ್ತು, ಒಂದು ಮಾತು ಸಾಕಿತ್ತು. ಆ ಮಾತು ಗಂಟಲಿಗೆ ಬಂದಾಗಲೆಲ್ಲ ಅತ್ತೆಯ "ಭೇಷ್" ಕೇಳಿಸುತ್ತಿತ್ತು. ಇವತ್ತು ಹೇಳಿದರೆ ಏನಾಗುತ್ತದೆ? ಕಾಯಿ ಕೆಂಪಗೆ ಒಣಗುತ್ತದೆ, ಊರೆಲ್ಲ ರೇಣುಕಾಳ ತಲೆ ಎಂಥದು ಎನ್ನುತ್ತದೆ, ಬಟ್ಟಲು ಅವಳ ಕೈಯಲ್ಲೇ ಉಳಿಯುತ್ತದೆ. ಗಂಡ ಸತ್ತರೂ ಪರವಾಗಿಲ್ಲ, ಸವತಿ ಮುಂಡೆಯಾಗಲಿ ಎಂಬ ಗಾದೆಯನ್ನು ಬೇರೆಯವರ ಮೇಲೆ ಎಷ್ಟು ಸಲ ಆಡಿದ್ದೇನೋ. ಅದು ಇಷ್ಟು ಸಲೀಸು ಎಂದು ಗೊತ್ತಿರಲಿಲ್ಲ. ನಮ್ಮದೇ ಹೊಲದ ಕಾಯಿ, ನನ್ನ ಕೈಯಾರೆ ಹರಿದದ್ದು, ಮೂರು ದಿನ ನನ್ನ ಕಣ್ಣೆದುರಿಗೆ ಬಣ್ಣ ಬಿಟ್ಟಿತು. ನಾನು ಹೊತ್ತುಹೊತ್ತಿಗೆ ಕೈಯಾಡಿಸಿ, ಬಿಳಿಚಿದ್ದು ಅಡಿಗೆ ಹೋಗುವಂತೆ ಮಾಡಿ, ಸಂಜೆ ಮನೆಗೆ ಬಂದು ಹೊಟ್ಟೆತುಂಬ ಉಂಡೆ.

ನಾಲ್ಕನೆಯ ದಿನ ಅತ್ತೆ ಟ್ರ್ಯಾಕ್ಟರ್ ಏರಿ ಮೇಲೆ ಬಂದರು. ಗೋಣಿತಾಟು ತೆಗೆಸಿ ರಾಶಿಯೊಳಗೆ ಮೊಣಕೈತನಕ ಕೈ ಹಾಕಿ ಒಂದು ಹಿಡಿ ಹೊರಗೆ ತೆಗೆದರು. ಹಿಡಿಯಲ್ಲಿ ಅರ್ಧಕ್ಕರ್ಧ ಬಿಳಿಗಾಯಿ. ಅವರು ಬಯ್ಯುತ್ತಾರೆ ಎಂದು ಕಾದೆ. ಬಯ್ಯಲಿಲ್ಲ. ಆ ಕಾಯಿಗಳನ್ನು ಒಂದೊಂದಾಗಿ ಕೆಳಗೆ ಬಿಟ್ಟು, "ನನ್ನ ಕಣದಾಗ ಬಿಳಿಗಾಯಿ ಬಿದ್ದಿದ್ದಿಲ್ಲ" ಎಂದರು. ರೇಣುಕಾ ಬಾಯಿಗೆ ಸೆರಗು ಹಿಡಿದು ಅಳತೊಡಗಿದಳು. "ನನ್ನ ತಪ್ಪರಿ, ನಾನ ಹೇಳಿದ್ದೆ ಇಲ್ಲಿ ಹಾಕೂಣು ಅಂತ" ಎಂದು ಮತ್ತೆ ಮತ್ತೆ ಅದನ್ನೇ ಅಂದಳು.

"ಹೊಸಾದರ ಹಿಂದ ಹೋಗಿದ್ದು ನನ್ನ ತಪ್ಪು. ಬಟ್ಟಲಾ ಆಕೀಗೆ ಕೊಡು" ಎಂದು ಅತ್ತೆ ನನ್ನ ಕಡೆ ಕೈ ಮಾಡಿದರು. "ಸುವರ್ಣಾ, ಇವತ್ತಿನಿಂದ ಕಣಾ ನಿಂದು. ಸುಗ್ಗಿ ಮುಗ್ಯೂತನಕ ಕಾಯೂದು ಬ್ಯಾಡ."

ರೇಣುಕಾ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಕೊಟ್ಟಳು. ನನಗೆ ಸಂತೋಷವಾಯಿತು. ಸುಳ್ಳು ಯಾಕೆ, ಆಯಿತು.

ಆಮೇಲೆ ಐದು ದಿನ ಬಿಳಿಗಾಯಿ ಆರಿಸುವ ಕೆಲಸ. ಅಲ್ಲಿಯೇ ಏರಿನ ಗೋಡೆಯ ನೆರಳಿನಲ್ಲಿ ಇಬ್ಬರೂ ಎದುರುಬದರು ಕುಳಿತು, ಕೆಂಪು ಒಂದು ಬುಟ್ಟಿಗೆ, ಬಿಳಿ ಒಂದು ಬುಟ್ಟಿಗೆ ಹಾಕುತ್ತಿದ್ದೆವು. ಕೆಳಗೆ ಲಾರಿಗಳ ಸದ್ದು ನಿಲ್ಲುತ್ತಲೇ ಇರಲಿಲ್ಲ. ಎರಡು ದಿನ ಅತ್ತು ಅತ್ತು ರೇಣುಕಾಳ ಕಣ್ಣು ಊದಿತ್ತು, ಮೇಲೆ ಖಾರದ ಕೈ ಬೇರೆ. ಮೂರನೆಯ ದಿನ ತಾನಾಗಿಯೇ ನನ್ನ ಗಂಟು ಬಿಚ್ಚಿ ರೊಟ್ಟಿ ಹರಿದುಕೊಂಡಳು. ತಿನ್ನುತ್ತ ತಿನ್ನುತ್ತ ಸಮಾಧಾನದ ದನಿಯಲ್ಲಿ ಹೇಳಿದಳು:

"ಬಿಡಕ್ಕಾ. ನಾ ಎಷ್ಟ ಅಂತ ಅಳ್ಲಿ? ಅವತ್ತ ನೀನೂ ಕೈ ಇಟ್ಟ ನೋಡಿದ್ದಿ, ನಾ ನೋಡೇನಿ. ನಿನಗ ಗೊತ್ತಾಗ್ಲಿಲ್ಲ ಅಂದ ಮ್ಯಾಲೆ ನನಗ ಹೆಂಗ ಗೊತ್ತಾಗಬೇಕು?"

ಅವಳು ಅದನ್ನು ಚುಚ್ಚಿ ಹೇಳಲಿಲ್ಲ. ತನ್ನ ಜೊತೆ ನನ್ನನ್ನೂ ಸಂತೈಸುತ್ತಿದ್ದಳು. ಸುಮ್ಮನೆ ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನನ್ನೊಳಗೆ ಏನೋ ಭುಗ್ಗೆಂದಿತು. ಕಾಯಿಯ ವಿಷಯದಲ್ಲಿ ನನಗೆ ಗೊತ್ತಾಗಲಿಲ್ಲ ಎಂದು ಇವಳು ಹೇಳುವುದೇ? ಎರಡು ವರ್ಷದ ಹಿಂದೆ ಬಂದ ಈ ಹುಡುಗಿ?

"ಗೊತ್ತಿತ್ತ ನನಗ! ಮೊದ್ಲ ಗೊತ್ತಿತ್ತ. ಮೇಡ್ಲೇರಿ ಬಂಡೆ ಮ್ಯಾಲೆ ಒಣಗಿಸಿದ ಕೈ ಇದು" ಅಂದುಬಿಟ್ಟೆ.

ಪಶ್ಚಾತ್ತಾಪದಿಂದ ಹೇಳಿದೆ ಎಂದು ಬರೆದರೆ ಓದುವವರಿಗೆ ನಾನು ಸ್ವಲ್ಪ ಒಳ್ಳೆಯವಳಾಗಿ ಕಂಡೇನು. ಹಾಗಲ್ಲ. ಜಂಬಕ್ಕೆ ಹೇಳಿದೆ. ಹೇಳಿದ ಮೇಲೆ ಅದನ್ನು ನುಂಗಿಕೊಳ್ಳಲು ಬಾಯಿ ಮುಚ್ಚಿದೆ, ಆಗಲೇ ತಡವಾಗಿತ್ತು.

ರೇಣುಕಾಳ ಕೈಯಲ್ಲಿ ರೊಟ್ಟಿಯ ಚೂರು ಹಾಗೆಯೇ ಇತ್ತು. "ಮತ್ತ ಯಾಕ ಹೇಳ್ಲಿಲ್ಲ?"

"ನೀ ಎಲ್ಲಿ ಕೇಳಿದಿ?" ಅಂದೆ.

 ಅವಳು ಆ ಚೂರನ್ನು ನನ್ನ ಬುತ್ತಿಯ ಬಟ್ಟೆಯ ಮೇಲೆ ವಾಪಸು ಇಟ್ಟಳು. ಆಮೇಲೆ ಬಿಳಿಗಾಯಿ ಆರಿಸತೊಡಗಿದಳು, ಮೊದಲಿಗಿಂತ ಚುರುಕಾಗಿ.

ಅವಳು ಅತ್ತೆಗೆ ಹೇಳುತ್ತಾಳೆ ಎಂದು ನಾನು ದಿನಾ ಹೆದರಿದೆ. ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಎರಡನೆಯ ಸಲ ಹರಿದ ಕಾಯಿಗೆ ನಾನು ಅದೇ ಬ್ರಿಡ್ಜಿನ ಮೇಲೆ ದಂಟು ಹಾಸಿಸಿದೆ, ಮಧ್ಯಾಹ್ನ ಹಳೆ ಸೀರೆ ಹೊದಿಸಿದೆ. ಕಾಯಿ ಕೆಂಪಗೆ, ಮೈತುಂಬ ಸುಕ್ಕು ಬಿದ್ದು, ಬಗ್ಗಿಸಿದರೂ ಮುರಿಯದ ಹದಕ್ಕೆ ಬಂತು. ಬ್ಯಾಡಗಿ ಪೇಟೆಯಲ್ಲಿ ಚೀಲಕ್ಕೆ ಕೈ ಹಾಕಿದವರು ತಿರುಗಿ ನೋಡಿದರು. ಊರೆಲ್ಲ ಸುವರ್ಣಾಳ ಕೈಗುಣ ಅಂದಿತು, ಅತ್ತೆ ನನಗೂ ಒಂದು "ಭೇಷ್" ಅಂದರು. ಸೀರೆಯ ಇನ್ನೊಂದು ತುದಿ ಹಿಡಿದು ಹೊದಿಸುತ್ತಿದ್ದವಳು ರೇಣುಕಾ. ಅವಳ ಎದುರಿಗೆ ಆ ಭೇಷ್ ಕೇಳಿ ನಾನು ತಲೆ ತಗ್ಗಿಸಿದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಮೊದಲ ದಿನವೇ ಊರ ಮುಂದೆ ಡಂಗುರ ಹೊಡೆಯುತ್ತಿದ್ದೆ. ಅವಳಿಗೆ ಹಾಗೆ ಸುಮ್ಮನಿರಲು ಬಂದದ್ದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಆಕೆ ಜಗಳವಾಡಲಿಲ್ಲ, ಮುಖ ತಿರುವಲಿಲ್ಲ. ಬಾಚಣಿಗೆ ಹಿಡಿದು ನನ್ನ ಹತ್ತಿರ ಬರುವುದು ನಿಂತಿತು. ಊಟಕ್ಕೆ ಕುಳಿತರೆ ತನ್ನ ಗಂಟು ತಾನು ಬಿಚ್ಚಿದಳು. "ಅಕ್ಕಾ, ಬಾ" ಎನ್ನುತ್ತಿದ್ದವಳು "ಬರ್ರಿ ಅಕ್ಕಾರ" ಎಂದಳು. ನಾನು ಹೇಳಿದ ಕೆಲಸ ಹೇಳಿದಂತೆ, ಹೇಳಿದ ಹೊತ್ತಿಗೆ ಆಗುತ್ತಿತ್ತು. ಎಂಥ ಮರ್ಯಾದೆಯ ಸೊಸೆ ಎಂದು ಊರು ಹೊಗಳಿತು. ಅವಳ ತಲೆ ಹೆಣೆಯುವುದು ಮುಮ್ತಾಜಳ ಪಾಲಾಯಿತು.

ಮುಂದಿನ ಸುಗ್ಗಿಗೆ ಊರಿಗೆ ಊರೇ ಮೊಂಡ ಬ್ರಿಡ್ಜು ಹತ್ತಿತು. ಎಲ್ಲರೂ ನನ್ನಂತೆ ದಂಟು ಹಾಸಿ, ಸೀರೆ ಹೊದಿಸಿದರು. ಮುಮ್ತಾಜಳದು ಕೊನೆಯ ಜಾಗ, ಸರಳುಗಳು ಎದ್ದು ನಿಂತಿದ್ದ ಆ ಮುರುಕು ತುದಿ, ಯಾರಿಗೂ ಬೇಡವಾದದ್ದು. ಒಂದು ಬೆಳಗ್ಗೆ ನೋಡಿದರೆ ಅವಳು ಆ ಸರಳುಗಳಿಗೆ ಗೇಣೆತ್ತರದಲ್ಲಿ ಹಸಿರು ಬಲೆಯ ಪರದೆ ಬಿಗಿದು, ಅದರ ಮೇಲೆ ಕಾಯಿ ಹರವಿದ್ದಾಳೆ. ರಾಣೆಬೆನ್ನೂರಿನ ಕಡೆ ಬೀಜಕ್ಕಾಗಿ ಬೆಳೆಯುವ ಹೊಲದ ತಾಕಿಗೆ ನೆರಳು ಮಾಡಲು ಕಟ್ಟುತ್ತಾರಲ್ಲ, ಅದೇ ಹಳೆಯ ಪರದೆ. ಕೆಳಗೆ ಗಾಳಿ ಆಡುತ್ತಿತ್ತು, ಕಾವು ತಾಗುತ್ತಿರಲಿಲ್ಲ, ಸೀರೆ ಬೇಕಿರಲಿಲ್ಲ. ನಮ್ಮ ಕಾಯಿಗಿಂತ ಮೂರು ದಿನ ಮೊದಲೇ ಅವಳದು ಒಣಗಿತು. ಬಣ್ಣ ಹೇಗಿತ್ತೆಂದರೆ ನಾನು ಎರಡು ಸಲ ಹೋಗಿ ಕದ್ದು ನೋಡಿ ಬಂದೆ. ಮೂರನೆಯ ಸಲ ತಡೆಯಲಾಗದೆ ಕೇಳಿಯೇಬಿಟ್ಟೆ.

"ಇದನ್ನ ಯಾರ ಹೇಳಿಕೊಟ್ರು ನಿನಗ?"

"ಯಾರ ಹೇಳ್ತಾರ? ನಿಮ್ಮ ರೇಣುಕಾನ" ಅಂದಳು ಮುಮ್ತಾಜ. "ಹೋದ ವರ್ಷ ಬಿಳಿಗಾಯಿ ಆರಸೂವಾಗನ ಆಕೀ ತಲ್ಯಾಗ ಬಂದಿತ್ತಂತ. ನೀವ್ಯಾಕ ಕಟ್ಟಿಲ್ಲ ಅಂತ ನಾ ನಿಮ್ಮನ್ನ ಕೇಳಬೇಕಂತ ಇದ್ದೆ."

ಅಲ್ಲಿಂದ ನೇರ ರೇಣುಕಾಳ ಹತ್ತಿರ ಹೋದೆ. ಅವಳು ನಮ್ಮ ಕಾಯಿಯ ಮೇಲಿನ ಸೀರೆ ಮಡಚುತ್ತಿದ್ದಳು. ಮೈಯೆಲ್ಲ ಉರಿಯುತ್ತಿತ್ತು, ಆದರೂ ದನಿ ಏರಿಸಲು ಆಗಲಿಲ್ಲ.

"ಪರದೆ ಕಟ್ಟೂದ ನಿನಗ ಮೊದ್ಲ ಗೊತ್ತಿತ್ತಂತಲ್ಲ. ಮನಿಯವ್ರಿಗೆ ಯಾಕ ಹೇಳ್ಲಿಲ್ಲ?"

ಅವಳು ಸೀರೆಯ ಅಂಚಿಗೆ ಅಂಚು ಕೂಡಿಸಿ, ಮಡಿಕೆ ಮುಗಿಸಿ, ಅದನ್ನು ನನ್ನ ಕೈಗೆ ಕೊಟ್ಟಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ನಿಮಗ ಗೊತ್ತಿರತೈತಿ ಅಂತ ತಿಳದಿದ್ನಿರಿ ಅಕ್ಕಾರ."

ಅಷ್ಟು ಹೇಳಿ ಮುಮ್ತಾಜಳ ಕಡೆ ನಡೆದಳು. ಅಲ್ಲಿ ಇಬ್ಬರೂ ಗೋಡೆಗೆ ಒರಗಿ ಕುಳಿತು ಒಂದೇ ಬಟ್ಟಲಿನ ಚಹಾ ಹಂಚಿಕೊಂಡರು. ಏನೋ ಹೇಳಿ ರೇಣುಕಾ ನಕ್ಕಳು. ನಾನು ಕರೆಯಲಿಲ್ಲ. ಕರೆದಿದ್ದರೆ ಚಹಾ ಅಲ್ಲಿಯೇ ಬಿಟ್ಟು ಎದ್ದು ಬರುತ್ತಿದ್ದಳು, ನನ್ನ ಮುಂದೆ ನಿಲ್ಲುತ್ತಿದ್ದಳು, "ಏನ್ರಿ ಅಕ್ಕಾರ" ಎನ್ನುತ್ತಿದ್ದಳು.